ಸ್ಲೀವಾ, ಬೈಪಾಸಾ, ಇಂಜೆಕ್ಷನ್ನಾ? ತೂಕ ಇಳಿಸಲು ಹೊರಟ ಕಾಸರಗೋಡಿನವರಿಗೆ

ಮದುವೆ ಹಾಲ್‌ನಲ್ಲಿ ಕೈ ತೊಳೆಯುವಲ್ಲಿ, ಬದಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ, ಕೆಲವೊಮ್ಮೆ ಗುರುತೇ ಇಲ್ಲದ ನಂಬರಿನಿಂದ ಫೋನಿನಲ್ಲಿ, ನನಗೆ ಬರುವ ಪ್ರಶ್ನೆ ಒಂದೇ. "ಅಕ್ಕಾ, ಸ್ಲೀವ್ ಒಳ್ಳೆಯದಾ ಬೈಪಾಸಾ? ಅಲ್ಲ, ಈಗ ಬಂದ ಇಂಜೆಕ್ಷನ್ ತೆಗೆದುಕೊಂಡರೆ ಸಾಕಾ?" ಅದರ ಹಿಂದೆಯೇ ಇನ್ನೊಂದು: "ನಿಮಗೆ ಎಷ್ಟು ಕೆಜಿ ಇಳಿಯಿತು?"

ಸ್ಲೀವ್, ಬೈಪಾಸ್ ಎರಡೂ ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್ನುಗಳು. ನಾನು ಮಾಡಿಸಿಕೊಂಡದ್ದು ಬೈಪಾಸ್. 104 ಕೆಜಿ ಇದ್ದೆ, 72ಕ್ಕೆ ಇಳಿದೆ, ಈಗ 76ರ ಆಸುಪಾಸಿನಲ್ಲಿ ನಿಂತಿದೆ. ನನ್ನ ಚಿಕ್ಕಮ್ಮನ ಮಗಳು ಸ್ಲೀವ್ ಮಾಡಿಸಿಕೊಂಡಳು. ಅವಳೂ ಆರಾಮಾಗಿದ್ದಾಳೆ. ಹಾಗಾಗಿ ಇದೇ ಸರಿ, ಅದು ತಪ್ಪು ಎಂದು ಹೇಳಲು ನಾನು ಕೂತಿಲ್ಲ. ಆದರೆ ಎಷ್ಟು ಕೆಜಿ ಎಂಬುದನ್ನು ಎಲ್ಲರೂ ಮೊದಲು ಕೇಳುತ್ತಾರಲ್ಲ, ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದದ್ದು. ನಿಮ್ಮ ಶುಗರ್, ನಿಮ್ಮ ಎದೆಯುರಿ, ಈಗ ನುಂಗುತ್ತಿರುವ ಮಾತ್ರೆಗಳು, ಮುಂದೆ ಬಿಡದೆ ನುಂಗಬೇಕಾದ ಮಾತ್ರೆಗಳು, ಇವೇ ನಿಮಗೆ ಯಾವುದು ಆಗುತ್ತದೆ ಎಂದು ತೀರ್ಮಾನ ಮಾಡುವುದು.

ನಾನು ಡಾಕ್ಟರ್ ಅಲ್ಲ. ಮಾಡಿಸಿಕೊಂಡವಳು, ಓದಿದವಳು, ಆಸ್ಪತ್ರೆಯ ಓಪಿಯ ಬೆಂಚಿನಲ್ಲಿ ಕೂತು ಬೇರೆಯವರ ಕತೆ ಕೇಳಿದವಳು, ಅಷ್ಟೇ.

ಮೊದಲು ನಿಮ್ಮ ಲೆಕ್ಕ

ಬಿಎಂಐಯಿಂದ ಶುರು ಮಾಡಿ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆ. 160 ಸೆಂಟಿಮೀಟರ್ ಎತ್ತರದವರಿಗೆ 70 ಕೆಜಿ ಎಂದರೆ ಸುಮಾರು 27.5. 83 ಕೆಜಿಗೆ 32.5, 90ಕ್ಕೆ 35, 102ಕ್ಕೆ 40.

ಈ ನಾಲ್ಕು ಸಂಖ್ಯೆಗೂ ಒಂದೊಂದು ಅರ್ಥ ಉಂಟು. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದಂತೆ ಬಿಎಂಐ 40 ದಾಟಿದವರಿಗೆ, ಜೊತೆಗೆ ಕಾಯಿಲೆ ಇದ್ದರೆ 35 ದಾಟಿದವರಿಗೆ ಈ ಆಪರೇಷನ್. 2022ರಲ್ಲಿ ಸರ್ಜನ್‌ಗಳ ಎರಡು ದೊಡ್ಡ ಸಂಘಗಳು ಅದನ್ನು ಕೆಳಗಿಳಿಸಿದವು. ಕಾಯಿಲೆ ಇರಲಿ ಇಲ್ಲದಿರಲಿ 35 ಸಾಕು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದವು. ನಮ್ಮವರಿಗೆ ಕೊಬ್ಬು ಹೊಟ್ಟೆಯಲ್ಲೇ ಜಾಸ್ತಿ ಸೇರುತ್ತದೆ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ, ಅದಕ್ಕೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಹಿಡಿದು ನಡೆಯುವುದು 37.5, ಕಾಯಿಲೆ ಇದ್ದರೆ 32.5.

ಇನ್ಶೂರೆನ್ಸಿನವರು ಮಾತ್ರ ಹಳೆಯ ಗೆರೆಯಲ್ಲೇ ಇದ್ದಾರೆ. ಪಾಲಿಸಿಯ ಹೊರಗಿಟ್ಟ ಖರ್ಚುಗಳ ಪಟ್ಟಿಯಲ್ಲಿ ಬೊಜ್ಜಿನ ಬಗ್ಗೆ ಒಂದು ಕಲಂ ಇರುತ್ತದೆ. ಎಲ್ಲ ಕಂಪನಿಯಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ. ವಯಸ್ಸು 18 ಆಗಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಅಥವಾ 35 ಇದ್ದು, ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗದೆ, ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಇವುಗಳಲ್ಲಿ ಒಂದಾದರೂ ಇರಬೇಕು. ಅಂದರೆ ಬಿಎಂಐ 34 ಇದ್ದು ಶುಗರ್ ಇರುವವರಿಗೆ ಡಾಕ್ಟರ್ "ಮಾಡಿಸಿಕೊಳ್ಳಿ" ಎನ್ನುತ್ತಾರೆ, ಇನ್ಶೂರೆನ್ಸಿನವರು "ಇಲ್ಲ" ಎನ್ನುತ್ತಾರೆ. ಇದು ಗೊತ್ತಿಲ್ಲದೆ ಅಡ್ಮಿಟ್ ಆಗುವ ಹಿಂದಿನ ದಿನ ಅತ್ತವರನ್ನು ನೋಡಿದ್ದೇನೆ. "ಬೇರೆ ದಾರಿಯಲ್ಲಿ ನೋಡಿ ಆಗದೆ" ಎಂಬುದಕ್ಕೆ ಕಾಗದ ಕೇಳುತ್ತಾರೆ. ಡಯಟೀಷಿಯನ್ ಚೀಟಿ, ಹಳೆಯ ಪ್ರಿಸ್ಕ್ರಿಪ್ಷನ್, ತೂಕ ಬರೆದ ಓಪಿ ಪುಸ್ತಕ ಯಾವುದನ್ನೂ ಬಿಸಾಡಬೇಡಿ. ಪಾಲಿಸಿ ಹೊಸದಾದರೆ ಕಾಯುವ ಅವಧಿಯನ್ನೂ ನೋಡಿಕೊಳ್ಳಿ.

ಶುಗರ್ ಇದ್ದರೆ ಎಷ್ಟು ವರ್ಷದ್ದು, ಮಾತ್ರೆಯಲ್ಲೇ ಇದ್ದೀರಾ ಇನ್ಸುಲಿನ್‌ಗೆ ಬಂದಿದ್ದೀರಾ, ಇದು ದೊಡ್ಡ ಲೆಕ್ಕ. ನಾಲ್ಕೈದು ವರ್ಷದ ಶುಗರ್ ಆಪರೇಷನ್ ಆದ ಮೇಲೆ ಮಾತ್ರೆ ಬಿಡುವಷ್ಟು ಇಳಿಯುವ ಸಾಧ್ಯತೆ ಚೆನ್ನಾಗಿದೆ. ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಡೋಸ್ ಇಳಿಯಬಹುದು, ಪೂರ್ತಿ ಬಿಡುವುದು ಕಷ್ಟ. ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯಲ್ಲಿ ಕಸು ಉಳಿದಿರಬೇಕಲ್ಲ.

ಎದೆಯುರಿ, ಹುಳಿತೇಗು ಇದ್ದರೆ ಅದನ್ನು "ಗ್ಯಾಸ್" ಎಂದು ಸುಮ್ನೆ ಬಿಡಬೇಡಿ. ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿಸದೆ ಯಾವ ಆಪರೇಷನ್ ಎಂದು ನಿರ್ಧರಿಸುವುದು ಬೇಡ. ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾ ಇದೆಯಾ, ಅನ್ನನಾಳದ ಕೊನೆಯಲ್ಲಿ ಹುಣ್ಣಾಗಿದೆಯಾ, ಹೊಟ್ಟೆಯ ಮೇಲ್ಭಾಗ ಎದೆಗೂಡಿನ ಕಡೆ ಜಾರಿದೆಯಾ, ಎಲ್ಲ ಅಲ್ಲಿ ಕಾಣುತ್ತದೆ.

ಇನ್ನು ಅಭ್ಯಾಸಗಳು. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತೀರಾ? ಬೀಡಿ ಸೇದುತ್ತೀರಾ? ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತೀರಾ? ನಮ್ಮ ಕಡೆ ಹೊಗೆಸೊಪ್ಪನ್ನು ಯಾರೂ ದುಶ್ಚಟ ಎಂದು ಲೆಕ್ಕ ಹಿಡಿಯುವುದಿಲ್ಲ. ಡಾಕ್ಟರ್ ಕೇಳಿದರೆ "ಸ್ಮೋಕಿಂಗ್ ಇಲ್ಲ" ಎಂದು ಬಿಡುತ್ತಾರೆ. ಹೊಗೆಯಾಗಿ ಹೋದರೂ ರಸವಾಗಿ ಹೋದರೂ ನಿಕೋಟಿನ್ ನಿಕೋಟಿನ್ನೇ. ಇದು ಯಾಕೆ ಮುಖ್ಯ ಎಂಬುದು ಬೈಪಾಸಿಗೆ ಬಂದಾಗ ಹೇಳುತ್ತೇನೆ.

ಆಪರೇಷನ್ ಇಲ್ಲದ ದಾರಿಗಳು

ಪಥ್ಯ, ನಡಿಗೆ ಎಲ್ಲರೂ ಮಾಡಿ ನೋಡಿದ್ದೇ. ಬಿಎಂಐ 30ರ ಒಳಗೆ ಇದ್ದು ಬೇರೆ ಕಾಯಿಲೆ ಇಲ್ಲದವರಿಗೆ ಈಗಲೂ ಅದೇ ಮೊದಲ ದಾರಿ. 40ರ ಮೇಲಿದ್ದವರಿಗೆ "ಬಾಯಿ ಕಟ್ಟಿದರೆ ಇಳಿಯುತ್ತದೆ" ಎನ್ನುವ ಸೋದರಮಾವಂದಿರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ತೂಕ ಇಳಿದಷ್ಟೂ ದೇಹ ಹಸಿವೆ ಹೆಚ್ಚಿಸಿ ಹಳೆಯ ತೂಕಕ್ಕೇ ಎಳೆಯುತ್ತದೆ. ಅದು ಮನಸ್ಸಿನ ದೌರ್ಬಲ್ಯ ಅಲ್ಲ, ಮಾರಾಯ್ರೇ.

ಇಂಜೆಕ್ಷನ್ ಬಗ್ಗೆ ಈಗ ಎಲ್ಲರಿಗೂ ಕುತೂಹಲ. ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳುವಂಥದ್ದು. ಟಿರ್ಜೆಪಟೈಡ್ ಇರುವ ಮೌಂಜಾರೊ 2025ರ ಮಾರ್ಚ್‌ನಲ್ಲಿ, ಸೆಮಗ್ಲುಟೈಡ್ ಇರುವ ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಭಾರತಕ್ಕೆ ಬಂತು. ಹಸಿವೆ ಕಡಿಮೆಯಾಗುತ್ತದೆ, ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ. ದೊಡ್ಡ ಪರೀಕ್ಷೆಗಳಲ್ಲಿ ಸೆಮಗ್ಲುಟೈಡ್ ತೆಗೆದುಕೊಂಡವರಿಗೆ ಸುಮಾರು ಒಂದೂಕಾಲು ವರ್ಷದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿದಿದೆ. ಟಿರ್ಜೆಪಟೈಡಿನ ಅತಿ ಹೆಚ್ಚಿನ ಡೋಸಿಗೆ ನೂರಕ್ಕೆ 20ರ ಆಸುಪಾಸು. ಇದು ಸಣ್ಣ ಮಾತಲ್ಲ. ಸ್ಲೀವಿಗೆ ಹತ್ತಿರ ಬರುವ ಲೆಕ್ಕ.

ತೊಡಕು ಇರುವುದು ನಿಲ್ಲಿಸುವಲ್ಲಿ. ಸೆಮಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಹಾಗಾಗಿ ಇದನ್ನು ಬಿಪಿ ಮಾತ್ರೆಯಂತೆ ವರ್ಷಗಟ್ಟಲೆ ಲೆಕ್ಕ ಹಾಕಿ. ಮೌಂಜಾರೊ ಬಂದ ಹೊಸತರಲ್ಲಿ ಸಣ್ಣ ಡೋಸಿನ ಒಂದು ಸೀಸೆಗೆ 3,500, ಅದರ ಮೇಲಿನದಕ್ಕೆ 4,375 ರೂಪಾಯಿ ಇತ್ತು. ವಾರಕ್ಕೆ ಒಂದು ಸೀಸೆ. ತಿಂಗಳಿಗೆ ಹದಿನಾಲ್ಕರಿಂದ ಹದಿನೇಳು ಸಾವಿರ. ಆ ರೇಟಿನಲ್ಲಿ ಎರಡು ವರ್ಷದ ಇಂಜೆಕ್ಷನ್ ಖರ್ಚು ಒಂದು ಆಪರೇಷನ್ನಿನ ಖರ್ಚಿಗೆ ಬಂದು ನಿಲ್ಲುತ್ತದೆ. ಸೆಮಗ್ಲುಟೈಡಿನ ಪೇಟೆಂಟ್ ಅವಧಿ ಇಲ್ಲಿ ಇರುವುದು 2026ರ ಮಾರ್ಚ್‌ವರೆಗೆ. ಬೇರೆ ಕಂಪನಿಯವರ ಅಗ್ಗದ ಸೆಮಗ್ಲುಟೈಡ್ ಸಿಗುವಲ್ಲಿ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಹಳೆಯ ರೇಟು ಕೇಳಿ ಕೈಬಿಡಬೇಡಿ, ಮೆಡಿಕಲ್ ಶಾಪಿನಲ್ಲಿ ಇವತ್ತಿನ ರೇಟು ಕೇಳಿ.

ಓಕರಿಕೆ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದಲ್ಲಿ ಕಲ್ಲಾಗಬಹುದು. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಇದು ಬೇಡ. ಮಗು ಬೇಕೆಂದಿರುವವರು ಸೆಮಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ಇನ್ನೊಂದು, ಫ್ರಿಜ್‌ನಲ್ಲಿ ಇಡಬೇಕು. ಆಷಾಢದಲ್ಲಿ ತೋಟದ ನಡುವೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಮನೆಗಳಿಗೆ ಇದೂ ಒಂದು ಯೋಚನೆಯೇ.

ಬಲೂನ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಬಲೂನ್ ಇಟ್ಟು ನೀರು ತುಂಬಿಸುತ್ತಾರೆ, ಹೆಚ್ಚಾಗಿ ಆರು ತಿಂಗಳಿಗೆ ತೆಗೆಯುತ್ತಾರೆ. ಮೊದಲ ಕೆಲವು ದಿನ ವಾಂತಿ ಜಾಸ್ತಿ. ತೆಗೆದ ಮೇಲೆ ತೂಕ ಏರುವವರೇ ಹೆಚ್ಚು, ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗದು. ತೀರಾ ಜಾಸ್ತಿ ತೂಕದವರನ್ನು ದೊಡ್ಡ ಆಪರೇಷನ್ನಿಗೆ ತಯಾರು ಮಾಡಲು ಒಳ್ಳೆಯದು. ಮದುವೆಗೆ ಮೊದಲು ಸಪೂರ ಆಗಬೇಕು ಎಂದು ಲಕ್ಷಗಟ್ಟಲೆ ಸುರಿಯುವುದಾದರೆ ನಾನು ಬೇಡ ಎನ್ನುತ್ತೇನೆ. ಹೊಟ್ಟೆಗೆ ಬೆಲ್ಟ್ ಹಾಕುವ ಬ್ಯಾಂಡ್ ಆಪರೇಷನ್ ಈಗ ಹೆಚ್ಚುಕಡಿಮೆ ಮೂಲೆ ಸೇರಿದೆ.

ಸ್ಲೀವ್

ಹೊಟ್ಟೆಯ ನೂರಕ್ಕೆ 75ರಿಂದ 80 ಭಾಗವನ್ನು ಉದ್ದಕ್ಕೆ ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಒಂದು ನೇಂದ್ರ ಬಾಳೆಹಣ್ಣಿನಂಥ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೆ ಎಂಬುದೇ ಗೊತ್ತಾಗುವುದಿಲ್ಲ. ಚಿಕ್ಕಮ್ಮನ ಮಗಳು ಅಲಾರಂ ಇಟ್ಟು ಉಣ್ಣುತ್ತಿದ್ದಳು.

ಲಾಭ ಏನೆಂದರೆ ಆಪರೇಷನ್ ಬೇಗ ಮುಗಿಯುತ್ತದೆ, ಕರುಳಿಗೆ ಜೋಡಣೆ ಇಲ್ಲ, ವಿಟಮಿನ್ ಕೊರತೆ ಬೈಪಾಸಿಗಿಂತ ಕಡಿಮೆ. ಮುಂದೆ ಎಂಡೋಸ್ಕೋಪಿ ಬೇಕಾದರೆ ಹೊಟ್ಟೆಯನ್ನೆಲ್ಲ ನೋಡಬಹುದು. ಸಾಕಾಗದಿದ್ದರೆ ಮುಂದೊಂದು ದಿನ ಬೈಪಾಸಿಗೆ ಬದಲಾಯಿಸಲೂಬಹುದು. ಇಡೀ ಜಗತ್ತಿನಲ್ಲೇ ಈಗ ಹೆಚ್ಚು ನಡೆಯುವುದು ಇದು.

ತೊಂದರೆ ಎದೆಯುರಿಯದ್ದು. ಕೊಳವೆ ಸಪೂರವಾದ್ದರಿಂದ ಒಳಗೆ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೇ ಬರುತ್ತದೆ. ಮೊದಲೇ ಇದ್ದವರಿಗೆ ಹೆಚ್ಚಾಗಬಹುದು, ಇಲ್ಲದವರಿಗೆ ಹೊಸದಾಗಿ ಬರಬಹುದು. ಫಿನ್ಲೆಂಡಿನಲ್ಲಿ 2008ರಿಂದ 2010ರ ಒಳಗೆ ಆಪರೇಷನ್ ಆದ 240 ಜನರನ್ನು ಹತ್ತು ವರ್ಷ ಗಮನಿಸಿದರು. ಅರ್ಧ ಜನರಿಗೆ ಸ್ಲೀವ್, ಅರ್ಧ ಜನರಿಗೆ ಬೈಪಾಸ್. ಹತ್ತು ವರ್ಷದ ನಂತರ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಉರಿಯೂತ ಕಂಡದ್ದು ಸ್ಲೀವಿನವರಲ್ಲಿ ನೂರಕ್ಕೆ 31 ಜನರಿಗೆ, ಬೈಪಾಸಿನವರಲ್ಲಿ 7 ಜನರಿಗೆ. ತೂಕದಲ್ಲಿ? ಹೆಚ್ಚುವರಿ ತೂಕದಲ್ಲಿ ಸ್ಲೀವಿನವರಿಗೆ ನೂರಕ್ಕೆ 43.5ರಷ್ಟು, ಬೈಪಾಸಿನವರಿಗೆ 51.9ರಷ್ಟು ಇಳಿದಿತ್ತು. 105 ಕೆಜಿಯವರು 65 ಇರಬೇಕಿತ್ತು ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಎರಡರ ನಡುವಿನ ವ್ಯತ್ಯಾಸ ಮೂರೂವರೆ ಕೆಜಿಯ ಹತ್ತಿರ. ಉರಿಯೂತದಲ್ಲಿರುವ ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಜಾಸ್ತಿ. ಕೆಜಿ ಕೊನೆಗೆ ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ವಿಷಯ, ತೆಗೆದ ಹೊಟ್ಟೆ ವಾಪಸ್ ಸಿಗದು. ಸ್ಟೇಪ್ಲರ್ ಹಾಕಿದ ಗೆರೆಯಲ್ಲಿ ಸೋರಿಕೆ ಆಗುವುದು ಅಪರೂಪ, ನೂರಕ್ಕೆ ಒಂದರ ಆಸುಪಾಸು. ಆದರೆ ಒಮ್ಮೆ ಆಗಿಬಿಟ್ಟರೆ ಗುಣವಾಗಲು ವಾರಗಟ್ಟಲೆ ಬೇಕು. ಮನೆಗೆ ಬಂದ ಮೇಲೆ ಜ್ವರ, ಎದೆಬಡಿತ ಜೋರು, ಎಡಭುಜದಲ್ಲಿ ನೋವು ಕಂಡರೆ "ನಾಳೆ ನೋಡುವ" ಎನ್ನಬೇಡಿ.

ಬೈಪಾಸ್

ನನಗೆ ಶುಗರ್ ಇತ್ತು, ಮಾತ್ರೆಯಲ್ಲಿ. ರಾತ್ರಿ ಎರಡು ದಿಂಬು ಇಟ್ಟುಕೊಳ್ಳದೆ ಮಲಗಲು ಆಗುತ್ತಿರಲಿಲ್ಲ, ಗಂಟಲಿಗೆ ಹುಳಿನೀರು ಬರುತ್ತಿತ್ತು. ಎಂಡೋಸ್ಕೋಪಿ ರಿಪೋರ್ಟ್ ನೋಡಿ ಸರ್ಜನ್ ಕಾಗದದ ಹಿಂಬದಿಯಲ್ಲಿ ಚಿತ್ರ ಬಿಡಿಸಿ ತೋರಿಸಿದರು. ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಸುವ ಸಣ್ಣ ಚೀಲ ಬೇರೆ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಆ ಚೀಲಕ್ಕೆ ಜೋಡಿಸುತ್ತಾರೆ, ಇನ್ನೊಂದು ತುದಿಯನ್ನು ಕೆಳಗೆ ಕರುಳಿಗೇ ಸೇರಿಸುತ್ತಾರೆ. ದೊಡ್ಡ ಹೊಟ್ಟೆ ಒಳಗೇ ಇರುತ್ತದೆ, ಆದರೆ ಅನ್ನ ಅಲ್ಲಿಗೆ ಹೋಗುವುದಿಲ್ಲ. ಆಮ್ಲ ಮೇಲೆ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಶುಗರ್ ಇಳಿಯುವುದೂ ಬೇಗ, ತೂಕ ಇಳಿಯುವ ಮೊದಲೇ. ನನಗೆ ಡಿಸ್ಚಾರ್ಜ್ ಆಗುವಾಗಲೇ ಮಾತ್ರೆ ಅರ್ಧಕ್ಕೆ ಇಳಿದಿತ್ತು. ಈಗ ದಿಂಬು ಒಂದೇ.

ಇದಕ್ಕೆ ಕೊಡುವ ಬೆಲೆ ಬೇರೆ ಕಡೆ. ಜೀವನಪೂರ್ತಿ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗುವಂತಿಲ್ಲ, ಎರಡು ಗಂಟೆ ಅಂತರ ಬೇಕು. ಸಸ್ಯಾಹಾರಿಗಳಿಗೆ ಬಿ12 ಮೊದಲೇ ಕಡಿಮೆ, ಆಪರೇಷನ್ ಆದ ಮೇಲೆ ಇಂಜೆಕ್ಷನ್ ಬೇಕಾಗಬಹುದು. ಸ್ಲೀವಿನವರಿಗೂ ಮಾತ್ರೆ ಉಂಟು, ಆದರೆ ಬಿಟ್ಟರೆ ಬೈಪಾಸಿನವರಿಗೆ ಪೆಟ್ಟು ಬೇಗ ಬೀಳುತ್ತದೆ. ಕೈಕಾಲು ಜುಮ್ಮೆನ್ನುವುದು, ರಕ್ತ ಕಡಿಮೆಯಾಗುವುದು, ಮೂಳೆ ಸವೆಯುವುದು ಎಲ್ಲ ಸದ್ದಿಲ್ಲದೆ ಬರುವಂಥದ್ದು.

ಆ ನೋವಿನ ಮಾತ್ರೆ, ಹೊಗೆಸೊಪ್ಪಿನ ಮಾತಿಗೆ ಈಗ ಬರುತ್ತೇನೆ. ಚೀಲಕ್ಕೂ ಕರುಳಿಗೂ ಜೋಡಣೆ ಮಾಡಿದ ಜಾಗದಲ್ಲಿ ಹುಣ್ಣಾಗಬಹುದು. ಅದನ್ನು ತರುವ ಎರಡು ದೊಡ್ಡ ಕಾರಣ ತಂಬಾಕು ಮತ್ತು ಡೈಕ್ಲೋಫೆನಾಕ್ ಬಗೆಯ ನೋವಿನ ಮಾತ್ರೆ. ಬೈಪಾಸ್ ಆದವರು ಇನ್ನು ಮುಂದೆ ನೋವಿಗೆ ಪ್ಯಾರಾಸಿಟಮಾಲ್‌ನಲ್ಲೇ ಸುಧಾರಿಸಬೇಕು. ಸಂಧಿವಾತಕ್ಕೆ ದಿನಾ ಆ ಮಾತ್ರೆ ಬೇಕೇಬೇಕು ಎನ್ನುವವರಿಗೆ, ಹೊಗೆಸೊಪ್ಪು ಬಿಡಲು ಆಗದವರಿಗೆ ಬೈಪಾಸ್ ಬೇಡ ಎಂದು ನಾನು ಕಣ್ಣುಮುಚ್ಚಿ ಹೇಳುತ್ತೇನೆ. ಮದ್ಯವೂ ಬೇಗ ಏರುತ್ತದೆ, ನಿಧಾನ ಇಳಿಯುತ್ತದೆ.

ಇನ್ನು ಸಿಹಿ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದರೆ ದೇಹ ತಡೆಯುವುದಿಲ್ಲ. ಅಣ್ಣನ ಮಗನ ಉಪನಯನದಲ್ಲಿ ಬಡಿಸಿದವರಿಗೆ ಬೇಡ ಎನ್ನಲಾಗದೆ ಅರ್ಧ ಸೌಟು ಅಡಪ್ರಥಮನ್ ಪಾಯಸ ಕುಡಿದೆ. ಹಂತಿಯಿಂದ ಏಳುವ ಮೊದಲೇ ಎದೆ ಡವಡವ, ರವಿಕೆ ಬೆನ್ನಿಗಂಟುವಷ್ಟು ಬೆವರು, ಹೊಟ್ಟೆಯಲ್ಲಿ ತಿರುಚಿದಂತೆ ನೋವು. ಅಡಿಗೆಕೊಟ್ಟಿಗೆಯ ಹಿಂದೆ ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಚಾಪೆ ಹಾಕಿ ಮಲಗಿಸಿದರು. ಮುಕ್ಕಾಲು ಗಂಟೆಯಲ್ಲಿ ಸರಿಯಾಯಿತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರು ಇದನ್ನೇ ಲಾಭ ಎನ್ನುತ್ತಾರೆ, ಸಿಹಿಯ ಆಸೆ ತಾನಾಗಿ ಬಿಡುತ್ತದೆ ಎಂದು. ನನಗೆ ಆಸೆ ಬಿಟ್ಟಿಲ್ಲ, ಹೆದರಿಕೆ ಬಂದಿದೆ.

ಅಪರೂಪದ್ದಾದರೂ ಗೊತ್ತಿರಬೇಕಾದ ಇನ್ನೊಂದು ಉಂಟು. ಬೈಪಾಸ್ ಆಗಿ ವರ್ಷಗಳ ಮೇಲೂ ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಜೋರು ಹೊಟ್ಟೆನೋವು ಬಂದರೆ ಗ್ಯಾಸಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರಬೇಡಿ. "ನನಗೆ ಬೈಪಾಸ್ ಆಗಿದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಹೊಟ್ಟೆಯದ್ದು ಎಂದೂ ಸೇರಿಸಿ. ಇಲ್ಲದಿದ್ದರೆ ಹೃದಯದ್ದು ಎಂದುಕೊಂಡು ಇಸಿಜಿಗೆ ಕಳಿಸುತ್ತಾರೆ.

ಮಿನಿ ಬೈಪಾಸ್ ಎಂಬುದರಲ್ಲಿ ಎರಡರ ಬದಲು ಒಂದೇ ಜೋಡಣೆ. ಚೀಲ ಉದ್ದ. ಆಪರೇಷನ್ ಸುಲಭ, ತೂಕ ಇಳಿಯುವುದೂ ಬೈಪಾಸಿನಷ್ಟೇ. ನಮ್ಮ ದೇಶದಲ್ಲಿ ಇದನ್ನು ಮಾಡುವ ಸರ್ಜನ್‌ಗಳು ತುಂಬ ಜನ ಇದ್ದಾರೆ. ಫ್ರಾನ್ಸಿನಲ್ಲಿ ಎರಡನ್ನೂ ಹೋಲಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ ತೂಕದ ಲೆಕ್ಕ ಸಮ, ಆದರೆ ಪೋಷಕಾಂಶದ ತೊಂದರೆ ಮಿನಿಯಲ್ಲಿ ಜಾಸ್ತಿ. ಅವರು ಅನ್ನ ಹಾದುಹೋಗದಂತೆ 200 ಸೆಂಟಿಮೀಟರ್ ಕರುಳನ್ನು ಬಿಟ್ಟಿದ್ದರು. ಪಿತ್ತರಸ ಹೊಟ್ಟೆಗೆ ಹಿಂದಕ್ಕೆ ಬರುವ ಸಾಧ್ಯತೆಯೂ ಇದೆ. ಮೊಟ್ಟೆ, ಮೀನು ಮುಟ್ಟದ ಮನೆಯವರು ಮಿನಿ ಮಾಡಿಸುವುದಾದರೆ ಎಷ್ಟು ಸೆಂಟಿಮೀಟರ್ ಬಿಡುತ್ತೀರಿ ಎಂದು ಸರ್ಜನ್ ಹತ್ತಿರ ಕೇಳಿ.

ಯಾವುದೇ ಮಾಡಿಸಿದರೂ ತಪ್ಪದ್ದು

ಕೀಹೋಲ್ ಆಪರೇಷನ್, ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳು. ಸಂಜೆಗೇ ಎಬ್ಬಿಸಿ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಎರಡು ಮೂರು ದಿನಕ್ಕೆ ಮನೆ. ಒಳ್ಳೆಯ ಕಡೆಗಳಲ್ಲಿ ಜೀವಕ್ಕೆ ಅಪಾಯ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶ ತೆಗೆಯುವ ಆಪರೇಷನ್ನಿಗೆ ಹತ್ತಿರ. ಹೆದರಿಸುವವರು ಇದನ್ನು ಹೇಳುವುದಿಲ್ಲ.

ಕಷ್ಟ ಇರುವುದು ಅಡಿಗೆಮನೆಯಲ್ಲಿ. ಮೊದಲು ತಿಳಿ, ಗಂಜಿತಿಳಿ, ಹೆಸರುಬೇಳೆ ಕಟ್ಟು, ನೀರುಮಜ್ಜಿಗೆ, ಚಮಚದಲ್ಲಿ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರುವಾಗ ತಿಂಗಳು ದಾಟುತ್ತದೆ. ಊಟದ ಜೊತೆ ನೀರು ಕುಡಿಯುವಂತಿಲ್ಲ. ದಿನಕ್ಕೆ 60 ಗ್ರಾಮಾದರೂ ಪ್ರೊಟೀನ್ ಬೇಕು. ಒಂದು ಗ್ಲಾಸ್ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಒಂದು ಬಟ್ಟಲು ಬೇಯಿಸಿದ ಬೇಳೆಯಲ್ಲಿ ಆರೇಳು. ಮೀನಾದರೆ 100 ಗ್ರಾಂಗೆ ಇಪ್ಪತ್ತರ ಹತ್ತಿರ. ಬಂಗುಡೆ ತಿನ್ನುವ ಮನೆಯವರಿಗೆ ಇಲ್ಲಿ ಸುಲಭ. ನಮ್ಮಂಥ ಸಸ್ಯಾಹಾರಿಗಳಿಗೆ ನಾಲ್ಕು ಚಮಚ ಹಿಡಿಸುವ ಹೊಟ್ಟೆಯಲ್ಲಿ ಇದನ್ನು ತುಂಬಿಸುವುದು ಲೆಕ್ಕದ ಕೆಲಸ. ಪನೀರ್, ಗಟ್ಟಿ ಮೊಸರು, ಪ್ರೊಟೀನ್ ಪುಡಿ ಇಲ್ಲದೆ ಆಗುವುದಿಲ್ಲ. ಆ ಪುಡಿಯ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿ. ಕುಚ್ಚಲಕ್ಕಿ ಅನ್ನ ನನಗೆ ಮೊದಲ ವರ್ಷ ಇಳಿಯಲೇ ಇಲ್ಲ. ನೀರುದೋಸೆ ಇಳಿಯಿತು.

ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ, ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಪಿತ್ತಕಲ್ಲು ಆಗದಂತೆ ಆರು ತಿಂಗಳು ಮಾತ್ರೆ ಕೊಡಬಹುದು. ಗರ್ಭ ಧರಿಸುವುದಾದರೆ ಒಂದರಿಂದ ಒಂದೂವರೆ ವರ್ಷ ಕಾಯಬೇಕು.

ಮಂಗಳೂರಾ, ಕಲ್ಲಿಕೋಟೆಯಾ?

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಕನ್ನಡ, ತುಳು, ಮಲಯಾಳ ಮೂರೂ ನಡೆಯುತ್ತದೆ. ಕಲ್ಲಿಕೋಟೆ ಮೂರು ಪಾಲಿಗಿಂತ ದೂರ. ಕೊಚ್ಚಿಗಾದರೆ 2023ರಿಂದ ಕಾಸರಗೋಡಿನಿಂದಲೇ ವಂದೇ ಭಾರತ್ ಉಂಟು. ಆಪರೇಷನ್ನಿಗೆ ಒಮ್ಮೆ ಹೋಗುವುದು ದೊಡ್ಡದಲ್ಲ. ಮೊದಲ ವರ್ಷದ ತಪಾಸಣೆಗಳಿಗೆ ಹೋಗುವುದೇ ದೊಡ್ಡದು. ದೂರ ಇದ್ದರೆ ಒಂದು ತಪ್ಪುತ್ತದೆ, ಆಮೇಲೆ ಎಲ್ಲ ತಪ್ಪುತ್ತದೆ. ಆಸ್ಪತ್ರೆಯಲ್ಲಿ ಜೊತೆಗಿರುವ ಬೈಸ್ಟ್ಯಾಂಡರ್ ಯಾರು ಎಂಬುದನ್ನೂ ನೋಡಿ. ನನ್ನ ಅತ್ತೆಗೆ ಮಲಯಾಳ ಓದಲು ಬಾರದು, ಪಥ್ಯದ ಚಾರ್ಟ್ ಮಲಯಾಳದಲ್ಲಿದ್ದರೆ ನಮ್ಮ ಮನೆಯಲ್ಲಿ ಅದು ಗೋಡೆಗೆ ಅಂಟಿಸಿದ ಕಾಗದ ಮಾತ್ರ. ಅದಕ್ಕೇ ಮಂಗಳೂರು ನನಗೆ ಆಯಿತು.

ಹಣದ ವಿಷಯದಲ್ಲಿ ಗಡಿ ಅಡ್ಡ ಬರುತ್ತದೆ. ಕರ್ನಾಟಕ ಸರಕಾರದ ಆರೋಗ್ಯ ಯೋಜನೆ ಕೇರಳದ ರೇಷನ್ ಕಾರ್ಡಿನವರಿಗೆ ಸಿಗದು. ಕೇರಳ ಸರಕಾರದ ಕಾರುಣ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಮೇಷ್ಟ್ರುಗಳಿಗೆ, ಪೆನ್ಶನ್‌ದಾರರಿಗೆ ಅಲ್ಲಿನ ಸರಕಾರಿ ನೌಕರರ ಇನ್ಶೂರೆನ್ಸ್ ಮೆಡಿಸೆಪ್ ಇದೆ. ಎರಡರಲ್ಲೂ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಎಂದು ಒಮ್ಮೆ, ಈ ಆಪರೇಷನ್ ಪ್ಯಾಕೇಜಿನಲ್ಲಿದೆಯಾ ಎಂದು ಇನ್ನೊಮ್ಮೆ, ಬೇರೆ ಬೇರೆ ಕೇಳಿ. ಮೊದಲನೆಯದಕ್ಕೆ ಹೌದು ಎಂದರೆ ಎರಡನೆಯದಕ್ಕೂ ಹೌದು ಎಂದಲ್ಲ.

ಕೈಯಿಂದ ಕೊಡುವುದಾದರೆ ಸ್ಲೀವಿಗೆ ಎರಡೂವರೆಯಿಂದ ನಾಲ್ಕು ಲಕ್ಷ, ಬೈಪಾಸಿಗೆ ಅದರ ಮೇಲೆ ಸ್ವಲ್ಪ ಎಂದು ಇಟ್ಟುಕೊಳ್ಳಿ. ಸ್ಟೇಪ್ಲರಿನ ಖರ್ಚು ಪ್ಯಾಕೇಜಿನ ಒಳಗಾ ಹೊರಗಾ ಎಂದು ಬರೆಸಿಕೊಳ್ಳಿ. ನಾನು ಮೊದಲು ವಿಚಾರಿಸಿದ ಒಂದು ಆಸ್ಪತ್ರೆಯಲ್ಲಿ ಬಾಯಲ್ಲಿ ಹೇಳಿದ ರೇಟೇ ಬೇರೆ, ಎಸ್ಟಿಮೇಟ್ ಕಾಗದದಲ್ಲಿ ಬಂದ ರೇಟೇ ಬೇರೆ. ಕೇಳಿದ್ದಕ್ಕೆ "ಈ ತಿಂಗಳೊಳಗೆ ಮಾಡಿಸಿದರೆ ಡಿಸ್ಕೌಂಟ್" ಎಂದರು. ಹೊಟ್ಟೆ ಕತ್ತರಿಸಲು ಆಡಿ ಸೇಲ್ ಯಾಕೆ ಬೇಕು?

2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿಯಲ್ಲಿ ಅಂಬುಲೆನ್ಸುಗಳೇ ನಿಂತದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಆಪರೇಷನ್ ಎಲ್ಲೇ ಆಗಲಿ, ಗಡಿಯ ಈಚೆ ಒಬ್ಬ ಫಿಸಿಷಿಯನ್‌ಗೆ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೊಟ್ಟಿಡಿ. ರಕ್ತಪರೀಕ್ಷೆ, ಬಿ12 ಎಲ್ಲ ಇಲ್ಲೇ ಆಗುತ್ತದೆ.

ಯಾರಿಗೆ ಯಾವುದು

ಎದೆಯುರಿ ಜೋರು, ಜೊತೆಗೆ ಶುಗರ್, ಮಾತ್ರೆ ತಪ್ಪಿಸದ ಸ್ವಭಾವ: ಬೈಪಾಸ್. ಎದೆಯುರಿ ಇಲ್ಲ, ವಯಸ್ಸು ಚಿಕ್ಕದು, ಮುಂದೆ ಮಕ್ಕಳಾಗಬೇಕು, ಇಲ್ಲವೇ ಮಂಡಿನೋವಿನ ಮಾತ್ರೆ ಬಿಡಲು ಆಗದು: ಸ್ಲೀವ್. ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೂ ನಾನು ಸ್ಲೀವ್ ಕಡೆಗೇ ವಾಲುತ್ತೇನೆ, ತಪಾಸಣೆ ತಪ್ಪಿದರೆ ಪೆಟ್ಟು ಕಡಿಮೆ. ಬಿಎಂಐ 28ರಿಂದ 33ರ ಒಳಗೆ, ಇನ್ಶೂರೆನ್ಸ್ ಸಿಗುವ ಹಾಗಿಲ್ಲ, ತಿಂಗಳ ಸಂಬಳ ಉಂಟು: ಒಂದು ವರ್ಷ ಇಂಜೆಕ್ಷನ್ ನೋಡಿ, ಆಮೇಲೆ ಆಪರೇಷನ್ ಯೋಚಿಸಿ. ಅಡಿಕೆ ಮಾರಿದಾಗ ಮಾತ್ರ ಕೈಯಲ್ಲಿ ಹಣ ಇರುವ ಮನೆಗೆ ಇಂಜೆಕ್ಷನ್ ಕಷ್ಟ. ನಡುವೆ ನಿಲ್ಲುತ್ತದೆ, ತೂಕ ವಾಪಸ್ ಬರುತ್ತದೆ. ಅಂಥವರಿಗೆ, ಬಿಎಂಐ ಸಾಕಷ್ಟಿದ್ದರೆ, ಒಮ್ಮೆ ಖರ್ಚು ಮಾಡಿ ಮುಗಿಸುವ ಆಪರೇಷನ್ನೇ ಕೊನೆಗೆ ಅಗ್ಗ. ಮಿನಿ ಬೈಪಾಸ್, ತೂಕ ತೀರಾ ಜಾಸ್ತಿ ಇದ್ದು ಆಪರೇಷನ್ ಟೇಬಲಿನಲ್ಲಿ ಹೊತ್ತು ಕಡಿಮೆ ಆಗಬೇಕಾದವರಿಗೆ.

ಮೊದಲ ಭೇಟಿಗೆ ಎಂಡೋಸ್ಕೋಪಿ ರಿಪೋರ್ಟ್, ಮೂರು ತಿಂಗಳ ಸರಾಸರಿ ಶುಗರಿನ ರಿಪೋರ್ಟ್, ಈಗಿನ ಎಲ್ಲ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ನೀವು ಮಾಡುವುದರಲ್ಲಿ ಸ್ಲೀವ್ ಎಷ್ಟು, ಬೈಪಾಸ್ ಎಷ್ಟು ಎಂದು ಕೇಳಿ. ಒಂದನ್ನೇ ಮಾಡುವವರು ಎಲ್ಲರಿಗೂ ಅದನ್ನೇ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಅದನ್ನು ಎತ್ತುವವರು ಯಾರು ಎಂದೂ ಕೇಳಿ. ರಿಸೆಪ್ಷನ್ ನಂಬರ್ ಕೊಟ್ಟರೆ ಇನ್ನೊಂದು ಆಸ್ಪತ್ರೆ ನೋಡಿ.